ಅಪ್ಪನ ಬೆಳಗಿನ ತೂಕ

ಆರಂಭಿಸುವ ಮೊದಲು ಒಂದು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆ ಕಾರಣಕ್ಕೋ ಏನೋ, ಬರೆಯಲು ಕುಳಿತಾಗಲೆಲ್ಲ ಯಾರೋ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದಾರೆಂಬ ಅಳುಕು ನನ್ನನ್ನು ಬಿಡುವುದಿಲ್ಲ. ವೈದ್ಯರ ವಿಷಯವನ್ನು ಅವರಿವರಿಂದ ಕೇಳಿ ತಿಳಿದಷ್ಟು ಮಾತ್ರ ಬರೆದಿದ್ದೇನೆ. ಅದರಲ್ಲಿ ಕೊರತೆ ಕಂಡರೆ ಬಲ್ಲವರು ಮನ್ನಿಸಬೇಕು. ನಮ್ಮ ಮನೆಯವರ ಮಾತನ್ನು ಮಾತ್ರ ಅವರು ಆಡಿದಂತೆಯೇ ಇಟ್ಟಿದ್ದೇನೆ. ತಿದ್ದಲು ಒಮ್ಮೆ ಪ್ರಯತ್ನಿಸಿದೆ. ತಿದ್ದಿದ ಮೇಲೆ ಅದು ಅಪ್ಪನ ಮಾತಾಗಿ ಉಳಿಯಲಿಲ್ಲ.

ನನ್ನ ತವರು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಮೀಪ ಒಂದು ಸಣ್ಣ ಊರು. ಸ್ವಲ್ಪ ಮೆಕ್ಕೆಜೋಳದ ಹೊಲ, ಒಂದು ಹಿಂಡು ಕುರಿ, ಮುಂದೆ ಕಲ್ಲುಹಾಸಿನ ಅಂಗಳವಿರುವ ತಗಡಿನ ಮನೆ. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅಪ್ಪ, ಅಣ್ಣ, ಅತ್ತಿಗೆ ಅಲ್ಲಿದ್ದಾರೆ. ನನ್ನನ್ನು ಕೊಟ್ಟಿರುವುದು ಸೊರಬ ತಾಲ್ಲೂಕಿನ ಹೊಸಬಾಳೆಗೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ.

ಒಂದು ಚಳಿಗಾಲದ ಕೊನೆಯಲ್ಲಿ ಅಪ್ಪನಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಕಾಲು ಬಾತುಕೊಂಡು, ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಕೊನೆಗೆ ಕುಳಿತಲ್ಲಿಯೂ ಉಸಿರು ಸಾಲದಾದಾಗ ಅಣ್ಣ ಅವರನ್ನು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಸೇರಿಸಿದನು. ಹೃದಯ ದಣಿದಿದೆ, ರಕ್ತವನ್ನು ಸರಿಯಾಗಿ ಒತ್ತಲಾರದು, ಅದರಿಂದ ದೇಹದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಶ್ವಾಸಕೋಶಕ್ಕೆ ಏರುತ್ತದೆ ಎಂದು ವೈದ್ಯರು ನನಗೆ ವಿವರಿಸಿದರು. ಬಿಡುಗಡೆಯ ದಿನ ಅವರು ಹೇಳಿದ ಕೊನೆಯ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

“ಈ ಸಲ ಉಳಿಸಿಕೊಂಡಿದ್ದೇವೆ. ಇನ್ನೊಂದು ಸಲ ಇಷ್ಟು ನೀರು ತುಂಬಿಸಿಕೊಂಡು ಬಂದರೆ ನಾನು ಯಾವ ಮಾತನ್ನೂ ಕೊಡಲಾರೆ.”

ಅದಕ್ಕಾಗಿಯೇ ಆ ಯಂತ್ರ ನಮ್ಮ ಮನೆಗೆ ಬಂದಿತು. ನೋಡಲು ಒಂದು ಚಪ್ಪಟೆ ಗಾಜಿನ ಹಲಗೆ. ಮೇಲೆ ನಿಂತರೆ ತೂಕ ತೋರಿಸುತ್ತದೆ. ಒಳಗೆ ಫೋನಿನಲ್ಲಿರುವಂತಹ ಸಿಮ್ ಇದ್ದು, ತೋರಿಸಿದ ತೂಕ ತಾನಾಗಿಯೇ ಆಸ್ಪತ್ರೆಯ ಕಂಪ್ಯೂಟರಿಗೂ ಮನೆಯವರಲ್ಲಿ ಒಬ್ಬರ ಮೊಬೈಲಿಗೂ ಹೋಗುತ್ತದೆ. ದೇಹದಲ್ಲಿ ನೀರು ನಿಂತರೆ ಉಸಿರು ಕಟ್ಟುವ ಮೊದಲೇ ತೂಕ ಏರುತ್ತದೆಯಂತೆ. ಏರಿದ್ದು ಕಂಡ ಕೂಡಲೇ ಅಲ್ಲಿಂದ ಸಿಸ್ಟರ್ ಫೋನ್ ಮಾಡಿ, ವೈದ್ಯರನ್ನು ಕೇಳಿ ನೀರಿನ ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಆ ಮಾತ್ರೆ ದೇಹದ ನೀರನ್ನು ಮೂತ್ರವಾಗಿ ಹೊರಹಾಕುತ್ತದೆ. ಮನೆಯವರಲ್ಲಿ ಒಬ್ಬರ ಮೊಬೈಲ್ ಎಂದಾಗ ಅಣ್ಣ ನನ್ನ ಕಡೆ ಕೈ ತೋರಿಸಿದನು.

ಅಪ್ಪ ವಾರ್ಡಿನ ಹಾಸಿಗೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

“ಅದೇನವ್ವ ಹಲಗಿ?” ಎಂದು ಕೇಳಿದರು.

“ತೂಕದ ಯಂತ್ರ ಅಪ್ಪಾ. ದಿನಾ ಬೆಳಿಗ್ಗೆ ನೀನು ಅದರ ಮೇಲೆ ನಿಲ್ಲಬೇಕು.”

“ನಮ್ಮಲ್ಲಿ ತೂಕಕ್ಕ ನಿಲ್ಲಿಸೋದು ಕಡಿಯೋರಿಗೆ ಕೊಡೋ ಕುರಿನ. ನನ್ನ ಯಾರಿಗೆ ಕೊಟ್ಟೀರಿ?”

ಯಂತ್ರ ತೋರಿಸುತ್ತಿದ್ದ ಸಿಸ್ಟರ್ ನಕ್ಕುಬಿಟ್ಟರು. “ಅಜ್ಜಾ, ನಿಮ್ಮನ್ನ ಯಾರು ತಗೋತಾರೆ? ಬರೀ ಮೂಳೆ.”

“ಹಂಗಾರ ತೂಗೋದ್ಯಾಕ ತಾಯಿ?”

ಇದು ಬರಿಯ ಹಾಸ್ಯವಾಗಿರಲಿಲ್ಲ. ಕುರಿ ಸಾಕುವ ಮನೆಯಲ್ಲಿ ಹಿಂಡನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ ತಗಲುತ್ತದೆ ಎಂಬ ಅಂಜಿಕೆ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಕುರಿಗಳನ್ನು ಅಪ್ಪ ಕಣ್ಣಿನಲ್ಲೇ ಅಳೆದು ‘ಸರಿ ಐತಿ’ ಎಂದರೆ ಮುಗಿಯಿತು. ತಕ್ಕಡಿ ಹತ್ತಿದ ಕುರಿ ಮರಳಿ ಹಟ್ಟಿಗೆ ಬರುವುದಿಲ್ಲ. ಅಂತಹವರನ್ನು ನಾವು ದಿನವೂ ತಕ್ಕಡಿ ಹತ್ತಿಸಲು ಹೊರಟಿದ್ದೆವು.

ಸಿಸ್ಟರ್ ನನಗೆ ನಿಯಮಗಳನ್ನು ಎರಡೆರಡು ಸಲ ಹೇಳಿಕೊಟ್ಟರು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನದೆ ಕುಡಿಯದೆ ನಿಲ್ಲಬೇಕು. ದಿನವೂ ಅದೇ ಹೊತ್ತು, ಅದೇ ತರಹದ ಬಟ್ಟೆ. ಮನೆಯಲ್ಲಿ ಮೊದಲ ದಿನ ಬಂದ ತೂಕದಿಂದಲೇ ಲೆಕ್ಕ ಆರಂಭ. ನಾನು ಪರೀಕ್ಷೆಗೆ ಓದುವವಳಂತೆ ಅವನ್ನು ಬಾಯಿಪಾಠ ಮಾಡಿಕೊಂಡೆ. ಹೊರಡುವಾಗ ಅಪ್ಪ ಕೇಳಿದ್ದು ಒಂದೇ ವಸ್ತುವನ್ನು, ತಮ್ಮ ಕಂಬಳಿಯನ್ನು. ವಾರ್ಡಿನಲ್ಲಿ ಅದನ್ನು ಬಿಡಿಸಿ ಚೀಲದಲ್ಲಿ ಇಟ್ಟಿದ್ದರು. ನಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿದ್ದು, ಬಿಸಿಲಿಗೂ ಚಳಿಗೂ ಮಳೆಗೂ ಒಂದೇ. ಹೆಗಲಿಗೆ ಅದು ಬಿದ್ದ ಮೇಲೆಯೇ ಅಪ್ಪ ನೆಟ್ಟಗೆ ನಡೆದರು.

ಊರಿಗೆ ಬಂದ ದಿನವೇ ಅವರನ್ನು ಒಮ್ಮೆ ನಿಲ್ಲಿಸಿ ನೋಡೋಣವೆಂದರೆ, “ಇವತ್ತು ಅಮಾಸಿ. ಬ್ಯಾಡ” ಎಂದು ಅಪ್ಪ ಒಳಗೆ ಹೋಗಿಬಿಟ್ಟರು. ಮರುದಿನ ನನಗೆ ಶಾಲೆ ಇತ್ತು. ಅಣ್ಣ ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಅಂಬ್ಲಿಗೊಳ ಜಲಾಶಯದ ಅಂಚಿಗೆ ಕುರಿ ಹೊಡೆದುಕೊಂಡು ಹೋದರೆ ಅಲ್ಲಿಯೇ ತಂಗುವವನು. ಊರಲ್ಲಿದ್ದಾಗಲೂ ನಸುಕಿನಲ್ಲೇ ಹೊರಡುವವನು. ಹೀಗಾಗಿ ತೂಕ ನೋಡುವ ಕೆಲಸ ಅತ್ತಿಗೆಯ ಪಾಲಿಗೆ ಬಂದಿತು. ನಾನೇ ಹಲಗೆಯ ಮೇಲೆ ನಿಂತು, ಇಳಿದು, ಅವರಿಗೆ ತೋರಿಸಿದೆ.

“ಪಡಸಾಲೆಯಲ್ಲಿ, ಬಾಗಿಲ ಹತ್ತಿರ ಇಡಬೇಕು ಅತ್ತಿಗೆ. ಅಲ್ಲಿ ಸಿಗ್ನಲ್ ಬರುತ್ತೆ. ದಿನಾ ಒಂದೇ ಹೊತ್ತು, ಒಂದೇ ಬಟ್ಟೆ. ಮರೀಬಾರದು.”

“ಹಾಲು ಕಾಯ್ಸೋದು ಮರೆತ್ರೂ ಇದ ಮರೆಯಂಗಿಲ್ಲ ಬಿಡ್ರಿ, ಟೀಚರಮ್ಮ” ಎಂದರು ಅತ್ತಿಗೆ. ನಾನು ನೌಕರಿಗೆ ಸೇರಿದಂದಿನಿಂದ ಅವರು ನನ್ನನ್ನು ಕರೆಯುವುದು ಹಾಗೆಯೇ. ಅದರಲ್ಲಿ ಮೆಚ್ಚುಗೆ ಎಷ್ಟು, ಚುಚ್ಚುವಿಕೆ ಎಷ್ಟು ಎಂದು ನಾನು ಎಂದೂ ಖಚಿತವಾಗಿ ಹೇಳಲಾರೆ.

ಅತ್ತಿಗೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಅವರು ಅಪ್ಪನೊಡನೆ ನೇರವಾಗಿ ಮಾತನಾಡಿದವರಲ್ಲ. ಮಾವನ ಎದುರು ತಲೆಯ ಮೇಲೆ ಸೆರಗು, ಕಣ್ಣು ನೆಲದಲ್ಲಿ. ನಮ್ಮಲ್ಲಿ ಸೊಸೆಯಂದಿರು ಹೀಗೆಯೇ ನಡೆದುಕೊಂಡು ಬಂದಿದ್ದಾರೆ. ಅವ್ವ ಇರುವವರೆಗೆ ಅವ್ವನ ಮೂಲಕ ಮಾತು ಸಾಗುತ್ತಿತ್ತು. ಅನಂತರ ಅತ್ತಿಗೆ ಕಂಬಕ್ಕೆ ಹೇಳತೊಡಗಿದರು. “ರೊಟ್ಟಿ ಆಗೈತಿ” ಎಂದು ಕಂಬದ ಕಡೆ ತಿರುಗಿ ಅವರು ಹೇಳಿದರೆ, “ಬಂದೆ” ಎಂದು ಅಪ್ಪ ಅಂಗಳದಿಂದ ಉತ್ತರಿಸುತ್ತಿದ್ದರು. ಮಾತ್ರೆಯನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಸರಿಯುತ್ತಿದ್ದರು. ನೋಡುವವರಿಗೆ ನಗು ಬರಬಹುದು. ಆದರೆ ಅಪ್ಪನಿಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪಿದ್ದಿಲ್ಲ.

ಅಲ್ಲಿಂದ ಮುಂದೆ ಹೊಸಬಾಳೆಯಲ್ಲಿ ನನ್ನ ಬೆಳಗು ಆ ಸಂಖ್ಯೆಯಿಂದ ಆರಂಭವಾಗತೊಡಗಿತು. ಒಲೆಯ ಮೇಲೆ ಹಾಲಿಟ್ಟು, ಪಕ್ಕದ ಕಟ್ಟೆಯ ಮೇಲೆ ಮೊಬೈಲ್ ಇಟ್ಟು ಕಾಯುತ್ತಿದ್ದೆ. ಟಿಣ್ ಎಂದು ಸದ್ದಾಗಿ ಐವತ್ತೆಂಟು ಚಿಲ್ಲರೆ ಎಂದು ಕಂಡರೆ ಭುಜಗಳು ತಾವಾಗಿಯೇ ಕೆಳಗಿಳಿಯುತ್ತಿದ್ದವು. ಸ್ವಲ್ಪ ತಡವಾದರೆ ಸಾಕು, ಅಪ್ಪ ಗೋಡೆಗೊರಗಿ ಬಾಯಿ ತೆರೆದು ಕುಳಿತ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ತವರಿಗೆ ಫೋನ್ ಮಾಡಿದರೆ ಅತ್ತಿಗೆ, “ಬರ್ತಾರ್ರೀ, ಹಟ್ಟ್ಯಾಗಿನ ಮರಿ ನೋಡಾಕ ಹೋಗ್ಯಾರ” ಎನ್ನುತ್ತಿದ್ದರು.

ನನ್ನ ಅತ್ತೆಯವರಿಗೆ ಇದೆಲ್ಲ ಬೇಸರ ತರಿಸಿತ್ತು.

“ಎಂತದೇ ಅದು, ಬೆಳಗಾದ್ರೆ ದೇವರ ಮುಖ ನೋಡೋದು ಬಿಟ್ಟು ಫೋನ್ ಮುಖ ನೋಡ್ತೀಯಲ್ಲೇ? ಹಾಲು ಉಕ್ತು ನೋಡು ಮಾರಾಯ್ತಿ!”

“ಅಪ್ಪನ ತೂಕ ಬರಬೇಕು ಅತ್ತೆ.”

“ನಿಮ್ಮಪ್ಪ ಎಂತ ಎಳೆ ಮಗುವನೇ, ದಿನಾ ತೂಗೂಕೆ? ತೊಟ್ಲಲ್ಲಿ ಹಾಕಿ ಕಳ್ಸೂಕೆ ಹೇಳು, ಇಲ್ಲೇ ತೂಗ್ತೆ ನಾನು.”

ಹಾಗೆ ಹೇಳಿದರೂ, ಸಂಖ್ಯೆ ಬಂದ ಸದ್ದು ಕೇಳಿದಾಗ, “ಎಷ್ಟು ಬಂತೇ?” ಎಂದು ಒಳಗಿನಿಂದ ಕೇಳುವವರೂ ಅವರೇ.

ಬೇಸಿಗೆಯೆಲ್ಲ ಸಂಖ್ಯೆ ಒಂದೇ ಹದದಲ್ಲಿತ್ತು. ಸಿಸ್ಟರ್ ಒಮ್ಮೆ ಫೋನ್ ಮಾಡಿ, “ನಿಮ್ಮ ಮನೆಯವರಷ್ಟು ನಿಯತ್ತಾಗಿ ಯಾರೂ ಕಳಿಸೋದಿಲ್ಲ ಮೇಡಂ” ಎಂದರು. ಆ ದಿನ ತರಗತಿಯಲ್ಲಿ ನನ್ನ ಧ್ವನಿ ಸ್ವಲ್ಪ ಹೆಚ್ಚೇ ಗಟ್ಟಿಯಾಗಿದ್ದಿರಬೇಕು.

ಮುಂಗಾರು ಹಿಡಿದು ಮೆಕ್ಕೆಜೋಳ ಮೊಣಕಾಲೆತ್ತರ ಬಂದ ಹೊತ್ತಿಗೆ ಸಂಖ್ಯೆ ಅಲುಗಾಡತೊಡಗಿತು. ಐವತ್ತೆಂಟು ಐವತ್ತೊಂಬತ್ತಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಅರವತ್ತು ದಾಟಿತು. ನಾನು ಶಾಲೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಸಿಸ್ಟರ್ ಫೋನ್ ಬಂದಿತು.

“ಮೇಡಂ, ತಂದೆಯವರ ತೂಕ ಏರಿದೆ. ಕಾಲಿಗೆ ಊತ ಇದೆಯಾ? ಉಸಿರಾಟ ಹೇಗಿದೆ?”

ನಾನು ಅಣ್ಣನಿಗೆ ಫೋನ್ ಮಾಡಿದೆ. ಅವನು ಕುರಿಗಳ ನಡುವೆ ನಿಂತಿದ್ದನೆಂದು ತೋರುತ್ತದೆ. ಅರಚಾಟದಲ್ಲಿ ಅರ್ಧ ಮಾತು ಕೇಳಿಸಿತು.

“ಊತ ಸ್ವಲ್ಪ ಇರ್ತೈತಿ ಯಾವಾಗ್ಲೂ. ಎದ್ದಾಗಿಂದ ನಿಂತೇ ಇರ್ತಾರಲ್ಲ.”

“ಉಸಿರಾಟ?”

“ನಂಗೇನ್ ಕಾಣಂಗಿಲ್ಲ. ಚೆಂದ ಅದಾರ. ನೀನೇ ಹೆದರಿ ಸಾಯ್ತಿ.”

ಅವನ ಮಾತನ್ನು ನಂಬಲು ನನಗೆ ಧೈರ್ಯ ಸಾಲಲಿಲ್ಲ. ಚಳಿಗಾಲದಲ್ಲಿಯೂ ಅವನು, ‘ಚೆಂದ ಅದಾರ’ ಎಂದೇ ಹೇಳುತ್ತ ಬಂದಿದ್ದನು. ಹಾಗೆ ಹೇಳುತ್ತಿರುವಾಗಲೇ ಒಂದು ಬೆಳಿಗ್ಗೆ ಅಪ್ಪನ ತುಟಿ ನೀಲಿಯಾಗಿತ್ತು. ಸಂಖ್ಯೆಗೆ ಯಾರ ಮುಲಾಜೂ ಇಲ್ಲ ಎಂದು ನಾನು ಭಾವಿಸಿದ್ದೆ. ಊತ ಇದೆಯೆಂದು ಸಿಸ್ಟರಿಗೆ ತಿಳಿಸಿದೆ. ವೈದ್ಯರು ನೀರಿನ ಮಾತ್ರೆಯನ್ನು ಇಮ್ಮಡಿ ಮಾಡಿದರು. ಕುಡಿಯುವ ನೀರನ್ನೂ ಕಡಿಮೆ ಮಾಡಲು ಹೇಳಿದರು. ದಿನಕ್ಕೆ ಒಂದು ಚೊಂಬು, ಅದರಲ್ಲಿಯೇ ಚಹಾ ಮಜ್ಜಿಗೆ ಎಲ್ಲವೂ ಸೇರಬೇಕು.

ಒಂದೆರಡು ದಿನ ಸಂಖ್ಯೆ ಸ್ವಲ್ಪ ಇಳಿಯಿತು. ಒಂದು ದಿನವಂತೂ ಥಟ್ಟನೆ ಬಹಳ ಇಳಿಯಿತು. ನಾನು ಅತ್ತೆಯವರ ಕೈ ಹಿಡಿದು ನಕ್ಕೆ. ಆ ದಿನ ನಮ್ಮ ಕಡೆಯೂ ಅಪರೂಪಕ್ಕೆ ಬಿಸಿಲು ಬಿದ್ದು, ಅಂಗಳದಲ್ಲಿ ಬಟ್ಟೆ ಹರವಿದ್ದೆವು ಎಂಬುದು ನೆನಪಿದೆ. ಮೋಡ ಮತ್ತೆ ಕವಿಯಿತು, ಸಂಖ್ಯೆಯೂ ಮತ್ತೆ ಏರಿತು. ಮಾತ್ರೆ ನುಂಗುತ್ತಲೇ ಇದ್ದಾರೆ, ನೀರು ಕುಡಿಯುತ್ತಿಲ್ಲ, ಆದರೂ ತೂಕ ಇಳಿಯುತ್ತಿಲ್ಲ. ಸಿಸ್ಟರಿನ ಧ್ವನಿಯಲ್ಲಿ ಮೊದಲಿನ ಸಲುಗೆ ಇರಲಿಲ್ಲ.

“ಕದ್ದು ನೀರು ಕುಡೀತಿದ್ದಾರಾ ಮೇಡಂ? ಉಪ್ಪಿನಕಾಯಿ ತಿಂತಾರಾ?”

ನಾನು ಅತ್ತಿಗೆಯನ್ನು ಕೇಳಿದೆ. ಕೇಳಿದ ಧಾಟಿ ಸರಿಯಿರಲಿಲ್ಲವೆಂದು ತೋರುತ್ತದೆ.

“ಉಪ್ಪಿನ ಭರಣಿ ಕೈಗೆ ಎಟುಕದಂಗ ನಾಗೊಂದಿಗಿ ಮ್ಯಾಲೆ ಇಟ್ಟೀನಿ. ಬೇಕಾರ ಬಂದು ನೋಡ್ಕೊಂಡು ಹೋಗ್ರಿ” ಎಂದು ಅತ್ತಿಗೆ ಖಾರವಾಗಿ ಹೇಳಿದರು. “ನಾವು ಓದಿದೋರಲ್ಲ, ಖರೆ. ಹಂಗಂತ ಮುದುಕರ್ನ ಕೊಲ್ಲಾಕ ಕುಂತಿಲ್ಲ.”

ನಾನು ಕ್ಷಮೆ ಕೇಳಿದೆ. ಕೊಟ್ಟ ಮನೆಯಲ್ಲಿ ಕುಳಿತು ತವರಿನ ಅಡುಗೆಮನೆಯನ್ನು ಆಳುತ್ತಿದ್ದೇನೆಂಬ ಭಾವನೆ ಅವರಿಗೆ ಬಂದಿದ್ದರೆ ಅದು ಸಹಜವೇ ಆಗಿತ್ತು. ಆದರೆ ಮರುದಿನವೂ ಸಂಖ್ಯೆ ಬಂದಿತು, ಮರುದಿನವೂ ನಾನು ಫೋನ್ ಮಾಡಿದೆ. ವೈದ್ಯರು ಮಾತ್ರೆಯನ್ನು ಇನ್ನಷ್ಟು ಹೆಚ್ಚಿಸಿದರು. ಇಷ್ಟಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಯಾವ ಮಾತನ್ನೂ ಕೊಡಲಾರೆ ಎಂದಿದ್ದವರೂ ಅವರೇ ಎಂಬುದನ್ನು ನಾನು ಮರೆತಿರಲಿಲ್ಲ.

ಒಂದು ಸಂಜೆ ಅಣ್ಣನ ಫೋನಿನಿಂದ ಅಪ್ಪನೇ ಮಾತನಾಡಿದರು. ಅಪ್ಪ ಫೋನಿನಲ್ಲಿ ಮಾತನಾಡುವವರಲ್ಲ. ಧ್ವನಿ ಒಣಗಿತ್ತು, ನಾಲಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು.

“ಮಗಾ, ಇನ್ನೊಂದು ಚೊಂಬು ನೀರು ಕೊಡಾಕ ಹೇಳವ್ವ. ಸೊಸಿ ನಿನ್ನ ಮಾತು ಮೀರಂಗಿಲ್ಲ.”

“ಅಪ್ಪಾ, ನೀರು ಕುಡಿದರೆ ಎದೆಗೆ ಏರುತ್ತೆ. ಡಾಕ್ಟರು ಬೇಡ ಅಂದಿದ್ದಾರೆ.”

“ಕುರಿನೂ ನೀರಿಲ್ದಂಗ ಕೆಡವಬಾರದು ಅಂತಾರ, ಕಡಿಯೋ ದಿನಾನೂ ಕುಡಿಸಿ ಕಡೀತಾರ” ಎಂದರು. ಅನಂತರ ನಾನು ಮೂಗೆಳೆದುಕೊಂಡದ್ದು ಕೇಳಿ, “ಅಳಬ್ಯಾಡ ಬಿಡು. ನೀ ಹೇಳಿದಂಗೇ ಆಗ್ಲಿ” ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟರು.

ಅದಾದ ಕೆಲವು ದಿನಗಳಿಗೆ, ಬೆಳಗಿನ ಸಂಖ್ಯೆ ಬರಲೇ ಇಲ್ಲ. ಅದರ ಬದಲು ಅಣ್ಣನ ಫೋನ್ ಬಂದಿತು. ಅಪ್ಪ ಹಟ್ಟಿಯಿಂದ ಮರಳಿ ಬರುವಾಗ ಅಂಗಳದಲ್ಲಿ ತಲೆ ತಿರುಗಿ ಬಿದ್ದಿದ್ದಾರೆ. ಎಚ್ಚರವಿದೆ, ಆದರೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತದೆಯಂತೆ. ಮೀನಖಂಡ ಸೆಳೆದು ಹಿಡಿದುಕೊಂಡಿದೆಯಂತೆ. ಯಾವಾಗಲೂ ನನ್ನನ್ನು ಗೇಲಿ ಮಾಡುವ ಅಣ್ಣ ಅಂದು ಗೇಲಿ ಮಾಡಲಿಲ್ಲ. ‘ಲಗೂನ ಬಾ’ ಎಂದಷ್ಟೇ ಹೇಳಿದನು.

ನನ್ನ ಪತಿ ಬೈಕ್ ತೆಗೆದರು. ಹೊಸಬಾಳೆಯಿಂದ ಹೊರಟು, ನಾಟಿಯಾದ ಗದ್ದೆಗಳು ಮುಗಿದು ಎರಡೂ ಕಡೆ ಮೆಕ್ಕೆಜೋಳ ಆರಂಭವಾಗುವವರೆಗೂ ನಾನು ಸೆರಗಿನಡಿ ಹಿಡಿದ ಮೊಬೈಲನ್ನು ನೋಡುತ್ತಲೇ ಇದ್ದೆ. ದಾರಿಯುದ್ದಕ್ಕೂ ಹನಿ ಮಳೆ ಮುಖಕ್ಕೆ ಹೊಡೆಯುತ್ತಿತ್ತು. ನೀರು ಎದೆಗೆ ಏರಿದೆ, ಅದಕ್ಕೇ ಬಿದ್ದಿದ್ದಾರೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಮನೆ ತಲುಪಿದಾಗ ಅಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಮಲಗಿದ್ದರು ಎಂಬುದನ್ನು ನಾನು ಆಗ ಗಮನಿಸಬೇಕಿತ್ತು; ಎದೆಗೆ ನೀರು ಏರಿದವರು ಮಲಗಲಾರರು. ಕಣ್ಣು ಒಳಗೆ ಹೋಗಿತ್ತು, ತುಟಿ ಬಿರಿದಿತ್ತು. ಕಾಲನ್ನು ಒತ್ತಿ ನೋಡಿದೆ. ಕುಳಿ ಬೀಳಲಿಲ್ಲ. ಕೈಯ ಮೇಲಿನ ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಂತಿತು. ಇದು ಏನೆಂದು ನನಗೆ ಅರ್ಥವಾಗಲಿಲ್ಲ. ಸಿಸ್ಟರಿಗೆ ಫೋನ್ ಮಾಡಿದೆ.

“ಈಗ ಒಂದು ಸಲ ತೂಕ ತೆಗೆಯೋಕೆ ಆಗುತ್ತಾ ಮೇಡಂ? ಇವತ್ತಿನದು ಬಂದಿಲ್ಲ. ನೋಡಿ ಡಾಕ್ಟರಿಗೆ ಹೇಳ್ತೀನಿ. ನಿಲ್ಲೋಕೆ ಆಗದಿದ್ರೆ ಬೇಡ.”

“ನಿಲ್ತೀನಿ” ಎಂದು ಅಪ್ಪನೇ ಹೇಳಿದರು. ಅಣ್ಣ ಅವರ ತೋಳು ಹಿಡಿದು ಎಬ್ಬಿಸಿದನು. ಅತ್ತಿಗೆ ಯಂತ್ರವನ್ನು ಎರಡೂ ಕೈಗಳಿಂದ ತಂದು ಬಾಗಿಲ ಬಳಿ ಇಟ್ಟು, ಸೆರಗು ಎಳೆದುಕೊಂಡು, ಕಂಬದ ಮರೆಗೆ ಸರಿದು ಮುಖ ತಿರುಗಿಸಿ ನಿಂತರು. ಅಪ್ಪ ಎದ್ದವರೇ ಕೈ ಚಾಚಿ ಗೂಟದ ಮೇಲಿನ ಕಂಬಳಿ ತೆಗೆದುಕೊಂಡು ಹೊದ್ದು, ಎದೆಯ ಮುಂದೆ ಎರಡೂ ಅಂಚನ್ನು ಕೂಡಿಸಿ ಹಿಡಿದು, ಹಲಗೆಯ ಮೇಲೆ ಹೆಜ್ಜೆ ಇಟ್ಟರು. ಕಂಬಳಿಯ ಅಂಚಿನಿಂದ ನೀರು ಗಾಜಿನ ಮೇಲೆ ತೊಟ್ಟಿಕ್ಕಿತು.

ಇಷ್ಟು ತಿಂಗಳು ಪ್ರತಿದಿನ ಅಪ್ಪನ ತೂಕ ನೋಡಿದ್ದೆ. ಅಪ್ಪ ತೂಕಕ್ಕೆ ನಿಂತದ್ದನ್ನು ನೋಡಿದ್ದು ಅದೇ ಮೊದಲು.

ಮೊಬೈಲ್ ಸದ್ದು ಮಾಡಿತು. ಅರವತ್ತರ ಹತ್ತಿರ.

“ಅಪ್ಪಾ, ಕಂಬಳಿ ತೆಗಿ.”

“ಯಾಕ?”

“ತೆಗಿ ಅಪ್ಪಾ.”

“ಸೊಸಿ ನಿಂತಾಳ” ಎಂದರು ಅಪ್ಪ, ಕೂಡಿಸಿ ಹಿಡಿದ ಅಂಚನ್ನು ಬಿಡದೆ. “ಬರೇ ಬನೀನಿನ ಮ್ಯಾಲೆ ಕುರಿ ನಿಂತಂಗ ನಿಲ್ಲಲೇನು?”

ಅತ್ತಿಗೆ ತಾವಾಗಿಯೇ ಒಳಗೆ ಹೋದರು. ನಾನು ಕಂಬಳಿಗೆ ಕೈ ಹಾಕಿದೆ. ಅದು ಬಟ್ಟೆಯನ್ನು ಎತ್ತಿದಂತಿರಲಿಲ್ಲ. ತುಂಬಿದ ಬಿಂದಿಗೆಯನ್ನು ಎತ್ತಿದಂತಿತ್ತು. ಅಣ್ಣ ಅಪ್ಪನನ್ನು ಮತ್ತೆ ನಿಲ್ಲಿಸಿದನು. ಐವತ್ತೈದಕ್ಕೂ ಕಡಿಮೆ. ಖಚಿತ ಮಾಡಿಕೊಳ್ಳದೆ ಬಾಯಿಬಿಡಬಾರದೆಂದು ಕಂಬಳಿಯನ್ನು ಮಡಿಸಿ ಅದೊಂದನ್ನೇ ಹಲಗೆಯ ಮೇಲೆ ಇಟ್ಟೆ.

ಸಂಖ್ಯೆ ಹೋದ ಬೆನ್ನಲ್ಲೇ ಸಿಸ್ಟರ್ ಫೋನ್ ಮಾಡಿದರು. ಧ್ವನಿಯಲ್ಲಿ ಗಾಬರಿ ಇತ್ತು.

“ಮೇಡಂ, ಏನಾಯ್ತು? ಮೊದಲು ಅರವತ್ತು, ಆಮೇಲೆ ಐವತ್ನಾಲ್ಕು, ಈಗ ಐದು ಕೆಜಿ ಅಂತ ಬಂದಿದೆ! ಪೇಷಂಟ್ ಎಲ್ಲಿ?”

“ಪೇಷಂಟ್ ಇಲ್ಲೇ ಇದ್ದಾರೆ ಸಿಸ್ಟರ್. ಆ ಐದು ಕೆಜಿ ಕಂಬಳಿ.”

“ಏನಂದ್ರಿ?”

“ಕಂಬಳಿ. ದಿನವೂ ಹೊದ್ದುಕೊಂಡೇ ನಿಂತಿದ್ದಾರೆ. ಬೇಸಿಗೆಯಲ್ಲಿ ಒಣಗಿತ್ತು. ಈಗ ಮಳೆ.”

ಸಿಸ್ಟರ್ ಬಹಳ ಬೇಗ ಬೇಗ ಮಾತನಾಡಿದರು. ನೀರಿನ ಮಾತ್ರೆ ಈಗಲೇ ನಿಲ್ಲಿಸಬೇಕು, ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಬೇಕು, ರಕ್ತದಲ್ಲಿ ಲವಣಗಳ ಪ್ರಮಾಣ ನೋಡಬೇಕು, ಡಾಕ್ಟರು ಅಲ್ಲಿನವರ ಜೊತೆ ಮಾತನಾಡುತ್ತಾರೆ. ಹೃದಯಕ್ಕೆ ನೀರು ಹೆಚ್ಚಾದರೆ ಹೇಗೆ ಅಪಾಯವೋ, ಹೀಗೆ ಬತ್ತಿಸಿದರೂ ಹಾಗೆಯೇ ಅಪಾಯ ಎಂದು ನನಗೆ ಅಂದು ತಿಳಿಯಿತು.

ಆಟೋ ಬರುವವರೆಗೆ ನಾನು ಅಡುಗೆಮನೆಗೆ ಹೋದೆ. ಅತ್ತಿಗೆ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದರು. ಉರಿ ಇರಲಿಲ್ಲ.

“ನೀವು ದಿನಾ ನೋಡ್ತಿದ್ರಲ್ಲ ಅತ್ತಿಗೆ” ಎಂದೆ. ಆರೋಪಿಸಬೇಕೆಂಬ ಉದ್ದೇಶ ಇರಲಿಲ್ಲ. ಧ್ವನಿ ಮಾತ್ರ ಹಾಗೆ ಬಂದಿತು.

“ನಾ ಎಲ್ಲಿ ನೋಡ್ತಿದ್ದೆ? ಹಲಗಿ ಇಡ್ತಿದ್ದೆ, ಮುಖ ತಿರುವ್ತಿದ್ದೆ. ಸದ್ದಾತಂದ್ರ ತೆಗೀತಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಕಂಬ್ಳಿ ತೆಗೀರಿ ಮಾವಾ ಅಂತ ನಾ ಹೆಂಗ ಹೇಳ್ಲಿ? ಊಟಕ್ಕ ಬರ್ರಿ ಅಂತನೂ ಹೇಳಿದಾಕಿ ಅಲ್ಲ ನಾನು. ಮತ್ತ ನೀವೇ ಹೇಳಿದ್ರಿ, ದಿನಾ ಒಂದೇ ಬಟ್ಟಿ ಇರ್ಬೇಕು ಅಂತ. ಅದೊಂದೇ ಅಲ್ಲೇನ್ರೀ ಅವರ ಬಟ್ಟಿ?”

ನಿಯಮ ಒಂದೂ ಮುರಿದಿರಲಿಲ್ಲ. ಅಪ್ಪ ದಿನವೂ ಅದೇ ಹೊತ್ತಿಗೆ, ಅದೇ ಬಟ್ಟೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ನಿಂತಿದ್ದರು. ಹಟ್ಟಿಗೆ ಹೋಗಿ ಮರಿಗಳನ್ನು ನೋಡಿ, ಸುರಿಯುವ ಸೋನೆಯಲ್ಲಿ ನೆನೆದು, ನೆಟ್ಟಗೆ ಬಂದು ನಿಂತಿದ್ದರು. ಅತ್ತಿಗೆ ದಿನವೂ ಮರ್ಯಾದೆಯಿಂದ ಮುಖ ತಿರುಗಿಸಿದ್ದರು. ಎಲ್ಲರೂ ಹೇಳಿದಂತೆಯೇ ನಡೆದುಕೊಂಡ ಮನೆಯಲ್ಲಿ ಅಪ್ಪ ಚಾಪೆ ಹಿಡಿದಿದ್ದರು.

ಶಿಕಾರಿಪುರದ ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು. ಲವಣಗಳು ಬಹಳ ಇಳಿದಿವೆ, ಮೂತ್ರಪಿಂಡಕ್ಕೂ ಶ್ರಮವಾಗಿದೆ, ಹೃದಯದ ಬಡಿತ ಏರುಪೇರಾಗಬಹುದು, ಇಂದು ಇಲ್ಲಿಯೇ ಇರಲಿ ಎಂದರು ಅಲ್ಲಿನ ವೈದ್ಯೆ. ಬಾಟಲಿಯಿಂದ ಲವಣದ ನೀರು ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತ ನಾನು ಮಂಚದ ಪಕ್ಕ ಕುಳಿತೆ. ಈ ನೀರೂ ಹೆಚ್ಚಾಗಿ ಎದೆಗೆ ಏರಿದರೆ? ದಾದಿಯನ್ನು ಕೇಳಿದೆ. ಮತ್ತೊಮ್ಮೆ ಕೇಳಿದೆ. ಮೂರನೆಯ ಸಲ ಕೇಳಲು ಹೋದಾಗ ಅಣ್ಣ ನನ್ನ ಸೆರಗು ಹಿಡಿದು ಎಳೆದು ಕೂರಿಸಿದನು.

“ನೀ ಒಂಚೂರು ಸುಮ್ನ ಕುಂದ್ರು. ಇಲ್ಲಂದ್ರ ನಿನಗೂ ಒಂದು ಬಾಟ್ಲಿ ಹಚ್ತಾರ.”

ಮಧ್ಯಾಹ್ನ ಇಳಿದ ಮೇಲೆ ವೈದ್ಯೆ ಬಂದು, ಕುಡಿಯಲು ನೀರು ಕೊಡಬಹುದು, ಸ್ವಲ್ಪ ಸ್ವಲ್ಪವಾಗಿ ಎಂದರು. ಅತ್ತಿಗೆ ಮನೆಯಿಂದ ಚೊಂಬು ತಂದಿದ್ದರು. ಯಾವಾಗಲೂ ಮಾಡುವಂತೆ ಅದನ್ನು ಪಕ್ಕದ ಕಟ್ಟೆಯ ಮೇಲೆ ಇಡಲು ಹೋದರು. ಅಪ್ಪನ ಒಂದು ಕೈಗೆ ಸೂಜಿ ಚುಚ್ಚಿದ್ದರು, ಇನ್ನೊಂದು ಕೈ ಅಲ್ಲಿಯವರೆಗೆ ಚಾಚುತ್ತಿರಲಿಲ್ಲ. ನಾನು ಏಳುವಷ್ಟರಲ್ಲಿ ಅತ್ತಿಗೆ ಚೊಂಬನ್ನು ಮತ್ತೆ ಎತ್ತಿಕೊಂಡು, ಮಂಚದ ಹತ್ತಿರ ಬಂದು, ಅಪ್ಪನ ಬಾಯಿಗೆ ಹಿಡಿದರು.

“ಕುಡೀರಿ ಮಾವಾ. ಸಾವಕಾಶ.”

ಅಪ್ಪ ಕುಡಿದರು. ಗಂಟಲಿನ ಗಂಟು ಮೇಲೆ ಕೆಳಗೆ ಹೋಗುವುದನ್ನು ನಾವೆಲ್ಲರೂ ನೋಡಿದೆವು. ಚೊಂಬನ್ನು ಸರಿಸಿ ಉಸಿರು ತೆಗೆದುಕೊಂಡು, ಅಪ್ಪ ಗೋಡೆಯ ಕಡೆ ನೋಡುತ್ತ, “ಈಕಿಗೆ ಮಾತು ಬರ್ತೈತಿ ಅಂತ ಇವತ್ತು ಗೊತ್ತಾತು ನೋಡು” ಎಂದರು. ಅಣ್ಣ ನಕ್ಕನು. ಅತ್ತಿಗೆ ನಗಲಿಲ್ಲ, ಚೊಂಬನ್ನು ಮತ್ತೆ ಬಾಯಿಗೆ ಹಿಡಿದರು.

ಮಾರನೆಯ ದಿನದ ಪರೀಕ್ಷೆಯಲ್ಲಿ ಲವಣಗಳು ಸ್ವಲ್ಪ ಏರಿದ್ದವು. ಅದರ ಮರುದಿನ ಇನ್ನೂ ಏರಿ ಸರಿಯಾದ ಹದಕ್ಕೆ ಬಂದವು. ಅಪ್ಪ ತಾವಾಗಿಯೇ ನಡೆದು ಆಟೋ ಹತ್ತಿದರು.

ಅನಂತರ ನಮ್ಮ ಮನೆಯಲ್ಲಿ ಏನು ಬದಲಾಯಿತು ಎಂಬುದನ್ನು ಇದ್ದಂತೆಯೇ ಹೇಳುತ್ತೇನೆ. ಮಾತ್ರೆ ಹಳೆಯ ಪ್ರಮಾಣಕ್ಕೆ ಮರಳಿತು. ಯಂತ್ರದಲ್ಲಿ ಹೊಸ ತೂಕದಿಂದ ಲೆಕ್ಕ ಆರಂಭಿಸಿದ್ದಾರೆ. ಆಸ್ಪತ್ರೆಯವರು ಈಗ ಹೊಸ ರೋಗಿಗಳ ಮನೆಗೆ ಯಂತ್ರ ಕೊಡುವಾಗ, ಹೆಗಲ ಮೇಲಿನದನ್ನೂ ತೆಗೆದಿಡಬೇಕು ಎಂದು ಹೇಳುತ್ತಾರೆಂದು ಸಿಸ್ಟರ್ ತಿಳಿಸಿದರು. ಅಪ್ಪ ಬೆಳಿಗ್ಗೆ ಹಟ್ಟಿಗೆ ಹೋಗುವುದನ್ನು ಬಿಟ್ಟಿಲ್ಲ, ಆದರೆ ತೂಕಕ್ಕೆ ನಿಂತ ಮೇಲೆ ಹೋಗುತ್ತಾರೆ. ಅತ್ತಿಗೆ, “ಮಾವಾ, ಕಂಬ್ಳಿ” ಎಂದು ಕೈ ಚಾಚುತ್ತಾರೆ, ಅಪ್ಪ ಕೊಡುತ್ತಾರೆ. ಬನೀನಿನ ಮೇಲೆ ಒಂದು ತೆಳ್ಳನೆಯ ಟವೆಲ್ ಹೊದ್ದು ನಿಲ್ಲುತ್ತಾರೆ, ಅಷ್ಟಕ್ಕೆ ಸಿಸ್ಟರ್ ಒಪ್ಪಿದ್ದಾರೆ. ಅತ್ತಿಗೆ ಈಗ ಕಂಬಕ್ಕೆ ಹೇಳುವುದಿಲ್ಲ. ಒಮ್ಮೊಮ್ಮೆ ಅಪ್ಪನನ್ನು ಗದರಿಸುವುದೂ ಉಂಟು. ಸೆರಗು ಮಾತ್ರ ತಲೆಯ ಮೇಲೆಯೇ ಇದೆ.

ಸಂಖ್ಯೆ ಈಗ ನನ್ನ ಮೊಬೈಲಿಗೆ ಬರುವುದಿಲ್ಲ. ಅದನ್ನು ಅತ್ತಿಗೆಯ ಮೊಬೈಲಿಗೆ ಬದಲಾಯಿಸಲು ನಾನೇ ಅರ್ಜಿ ಕೊಟ್ಟೆ. ಅಪ್ಪನನ್ನೂ ಅಪ್ಪನ ಕಾಲನ್ನೂ ಕಣ್ಣಾರೆ ನೋಡುವವರು ಅವರು. ಸಿಸ್ಟರ್ ಫೋನ್ ಮಾಡಿದರೆ ಉತ್ತರಿಸುವವರೂ ಅವರೇ. ಮಳೆಗಾಲ ಕಳೆಯುವ ಮೊದಲು ಒಮ್ಮೆ ತೂಕ ನಿಜವಾಗಿಯೇ ಏರಿತಂತೆ, ಕಾಲೂ ಬಾತಿತ್ತಂತೆ; ಅತ್ತಿಗೆ ತಾವೇ ಮಾತನಾಡಿ ಮಾತ್ರೆ ಹೆಚ್ಚಿಸಿ, ಇಳಿದ ಮೇಲೆ ನನಗೆ ಹೇಳಿದರು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ನಿಮಗ ಹೇಳಿದ್ರ ಇಬ್ಬರನ್ನ ನೋಡ್ಬೇಕಲ್ರೀ ಟೀಚರಮ್ಮ” ಎಂದರು.

ಅಪ್ಪ ಇದ್ದಾರೆ. ಬೆಳಿಗ್ಗೆ ಹಾಲಿಡುವಾಗ ನನ್ನ ಕಣ್ಣು ಇಂದಿಗೂ ಕಟ್ಟೆಯ ಮೇಲಿನ ಮೊಬೈಲಿನ ಕಡೆ ಹೋಗುತ್ತದೆ. ಅದು ಸುಮ್ಮನಿರುತ್ತದೆ. ವಾರಕ್ಕೊಮ್ಮೆ ನಾನು ಬಸ್ ಹತ್ತಿ ಹೋಗಿ ಅವರನ್ನು ನೋಡಿ ಬರುತ್ತೇನೆ.